ಬ್ಲೂಟೂತ್ ನೆಟ್‌ವರ್ಕ್ ಮತ್ತು ಡಿಎನ್ಎಸ್: ಸೋದರಳಿಯನಿಗೆ ಪತ್ರ

ಚಿ. ಸುಮಂತನಿಗೆ ಸೋದರಮಾವನ ಆಶೀರ್ವಾದಗಳು.

ಲ್ಯಾಪ್‌ಟಾಪಿನ ನೆಟ್ ಬ್ಲೂಟೂತ್ ಮೂಲಕ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹೋಗುತ್ತಿದೆ, ಐಪಿ ವಿಳಾಸವೂ ಸಿಕ್ಕಿದೆ, ಆದರೆ ಒಂದು ಪುಟವೂ ತೆರೆಯುತ್ತಿಲ್ಲ ಎಂದು ಬರೆದಿದ್ದೀಯ. ಪೇರಿಂಗ್ (ಬ್ಲೂಟೂತ್ ಜೋಡಣೆ) ಅಳಿಸಿ ಮತ್ತೆ ಮಾಡುವ ಗೋಜಿಗೆ ಹೋಗಬೇಡ. ವಿಳಾಸ ಸಿಕ್ಕಿದೆ ಎಂದರೆ ಬ್ಲೂಟೂತ್ ತನ್ನ ಪಾಲಿನ ಕೆಲಸ ಮುಗಿಸಿದೆ.

ಮೊದಲು ಪೈನಿಂದ 8.8.8.8 ಎಂಬ ಗೂಗಲ್ ವಿಳಾಸಕ್ಕೆ ಪಿಂಗ್ ಮಾಡು, ಅಂದರೆ ಅಲ್ಲಿಗೆ ತಲುಪುತ್ತದೆಯೇ ನೋಡು. ಉತ್ತರ ಬಾರದಿದ್ದರೆ ಡಿಎನ್ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮುಟ್ಟಲೇಬೇಡ. ಲ್ಯಾಪ್‌ಟಾಪಿನಲ್ಲಿ ಐಪಿ ಫಾರ್ವರ್ಡಿಂಗ್ (ಪೈನ ಪ್ಯಾಕೆಟ್‌ಗಳನ್ನು ಮುಂದೆ ದಾಟಿಸುವುದು), ಮಾಸ್ಕರೇಡ್ (ಅವನ್ನು ತನ್ನ ವಿಳಾಸದಿಂದಲೇ ಕಳಿಸುವುದು) ನಿಯಮ ನೋಡು. ಡಾಕರ್ ಎಂಬ ಕಂಟೇನರ್ ತಂತ್ರಾಂಶ ಹಾಕಿದ್ದರೆ ಅದು ಫೈರ್‌ವಾಲಿನ ಫಾರ್ವರ್ಡ್ ಸರಪಳಿಯನ್ನು ಡ್ರಾಪ್‌ಗೆ, ಅಂದರೆ ಪ್ಯಾಕೆಟ್ ಎಸೆಯುವಂತೆ, ತಿರುಗಿಸಿರುವುದೂ ಉಂಟು.

ಪಿಂಗ್ ಬಂದರೆ ಪೈನ ರಿಸಾಲ್ವ್.ಕಾನ್ಫ್ (ಯಾವ ಡಿಎನ್ಎಸ್ ಸರ್ವರನ್ನು ಕೇಳಬೇಕೆಂದು ಬರೆದಿರುವ ಫೈಲು) ತೆರೆ. ಅಲ್ಲಿ 127.0.0.53 ಕಂಡು, ಪೈನಲ್ಲೇ ಸಿಸ್ಟಮ್‌ಡಿ-ರಿಸಾಲ್ವ್ಡ್ (ಡಿಎನ್ಎಸ್ ಪ್ರಶ್ನೆಗೆ ಉತ್ತರಿಸುವ ಲಿನಕ್ಸ್ ಸೇವೆ) ಓಡುತ್ತಿಲ್ಲವಾದರೆ ಕಳ್ಳ ಸಿಕ್ಕಿದ ಹಾಗೆಯೇ. ಲ್ಯಾಪ್‌ಟಾಪಿನ ಫೈಲಿನಲ್ಲಿದ್ದ ನೇಮ್‌ಸರ್ವರನ್ನೇ ನೀನು ಡಿಎನ್ಎಸ್‌ಮಾಸ್ಕ್‌ನ (ಪೈಗೆ ಐಪಿ ವಿಳಾಸ ಹಂಚುವ, ಡಿಎನ್ಎಸ್ ಉತ್ತರ ಕೊಡುವ ಲ್ಯಾಪ್‌ಟಾಪಿನ ತಂತ್ರಾಂಶ) ಡಿಎಚ್‌ಸಿಪಿ ಆಯ್ಕೆ 6ಕ್ಕೆ (ಯಾವ ಡಿಎನ್ಎಸ್ ಬಳಸಬೇಕೆಂದು ಪೈಗೆ ಹೇಳುವ ಸಾಲು) ನಕಲು ಮಾಡಿರುತ್ತೀಯ. 127ರ ವಿಳಾಸ 'ನಾನು' ಎಂಬ ಮಾತಿನಂತೆ, ಹೇಳಿದವರಿಗೇ ಅನ್ವಯ. ಲ್ಯಾಪ್‌ಟಾಪಿನಲ್ಲಿ ಅದು ಸಿಸ್ಟಮ್‌ಡಿ-ರಿಸಾಲ್ವ್ಡ್. ಪೈನಲ್ಲಿ ಆ ವಿಳಾಸದ ಬಾಗಿಲೊಳಗೆ ಯಾರೂ ಇಲ್ಲ. ಡಿಎನ್ಎಸ್‌ಮಾಸ್ಕ್‌ನಿಂದ ಆ ಆಯ್ಕೆ 6ರ ಸಾಲನ್ನೇ ತೆಗೆ. ಆಯ್ಕೆ ಕೊಡದಿದ್ದರೆ ಡಿಎನ್ಎಸ್‌ಮಾಸ್ಕ್ ತನ್ನದೇ ವಿಳಾಸವನ್ನು ಹಂಚುತ್ತದೆ. ಡಿಎನ್ಎಸ್‌ಮಾಸ್ಕ್ ತನಗೆ ಬಂದ ಪ್ರಶ್ನೆಗಳನ್ನು 127.0.0.53ಕ್ಕೆ ಕಳಿಸಿದರೆ ತಪ್ಪಿಲ್ಲ, ಅದು ಇರುವುದೇ ಲ್ಯಾಪ್‌ಟಾಪಿನಲ್ಲಿ.

ಆಮೇಲೆ ಡಿಎನ್ಎಸ್‌ಮಾಸ್ಕ್ ಏಳದೆ, ಜರ್ನಲ್‌ನಲ್ಲಿ (ಸಿಸ್ಟಮ್ ದಾಖಲೆಯಲ್ಲಿ) 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದು ಬರಬಹುದು. ಡಿಎನ್ಎಸ್ ಬಳಸುವ ಪೋರ್ಟ್ 53 ರಿಸಾಲ್ವ್ಡ್ ಕೈಯಲ್ಲಿರುತ್ತದೆ, ಡಿಎನ್ಎಸ್‌ಮಾಸ್ಕ್ ಎಲ್ಲ ವಿಳಾಸಗಳನ್ನೂ ಹಿಡಿಯಲು ಹೋಗಿ ಮುಗ್ಗರಿಸುತ್ತದೆ. ಆಗ ಎಷ್ಟೋ ಮಂದಿ 'ಪೋರ್ಟ್=0' ಹಾಕಿ ಕೈತೊಳೆದುಕೊಳ್ಳುತ್ತಾರೆ. ದೋಷವೇನೋ ಮಾಯ, ಡಿಎನ್ಎಸ್ ಸೇವೆಯೂ ಮಾಯ! ಅದರ ಬದಲು 'ಇಂಟರ್‌ಫೇಸ್=ಪ್ಯಾನ್0', 'ಬೈಂಡ್-ಡೈನಮಿಕ್' ಎಂಬ ಎರಡು ಸಾಲು ಹಾಕು. ಪ್ಯಾನ್0 ಎಂಬ ಸೇತುವೆ (ಪೈ ಬಂದು ಸೇರುವ ಬ್ಲೂಟೂತ್ ಇಂಟರ್‌ಫೇಸ್) ತಡವಾಗಿ ಎದ್ದರೂ ನಡೆಯುತ್ತದೆ.

ಇಷ್ಟಾದರೂ ಪುಟ ತೆರೆಯದಿದ್ದರೆ ಲ್ಯಾಪ್‌ಟಾಪಿನಲ್ಲಿ ಪ್ಯಾನ್0 ಮೇಲೆ ಟಿಸಿಪಿಡಂಪ್ (ಓಡಾಡುವ ಪ್ಯಾಕೆಟ್ ತೋರಿಸುವ ಉಪಕರಣ) ಹಚ್ಚಿ ಪೋರ್ಟ್ 53 ನೋಡು. ಪ್ರಶ್ನೆ ಬಂದು ಉತ್ತರ ಹೋಗದಿದ್ದರೆ ಫೈರ್‌ವಾಲ್ ಮೇಲೆ ಅನುಮಾನ ಇಡು, ಏಕೆಂದರೆ ಟಿಸಿಪಿಡಂಪ್‌ಗೆ ಒಳಬರುವ ಪ್ಯಾಕೆಟ್ ಕಾಣುವುದು ಫೈರ್‌ವಾಲ್ ತಡೆಯುವ ಮೊದಲೇ. ಪ್ಯಾನ್0ಗೆ 53ನ್ನು ಯುಡಿಪಿ, ಟಿಸಿಪಿ ಎರಡಕ್ಕೂ ತೆರೆ.

ಇದೆಲ್ಲ ರಗಳೆ ಅನ್ನಿಸಿದರೆ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೇ ಬ್ಲೂಟೂತ್ ಎನ್‌ಎಪಿ (ನೆಟ್ ಹಂಚುವ ಕಡೆಯ) ಸಂಪರ್ಕ ಮಾಡಿ ಐಪಿವಿ4 ವಿಧಾನ 'ಶೇರ್ಡ್' ಇಡು. ಅದು ತಾನೇ ಡಿಎನ್ಎಸ್‌ಮಾಸ್ಕ್ ನಡೆಸುತ್ತದೆ. ನೀನು ನಡೆಸುತ್ತಿರುವ ಡಿಎನ್ಎಸ್‌ಮಾಸ್ಕ್ ಅನ್ನು ಮೊದಲು ನಿಲ್ಲಿಸು.

ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ