ಬೆಳ್ಳುಳ್ಳಿ, ಟೊಮೆಟೊ ಬೆಳೆಯಲು ಮಕ್ಕಳಿಗೆ ಒಂದಿಷ್ಟು ಜಾಗ ಕೊಡಿ

ಮಾನ್ಯ ಪೋಷಕರೇ,

ದಸರಾ ರಜೆ ಮುಗಿದು ತರಗತಿಗಳು ಶುರುವಾಗಿವೆ. ನಾಲ್ಕರಿಂದ ಏಳನೇ ತರಗತಿಯ ಪ್ರತಿ ಮಗುವಿಗೂ ಹಿತ್ತಲಲ್ಲಿ ಒಂದು ಸಣ್ಣ ಮಡಿಯನ್ನೋ ಎರಡು ಕುಂಡಗಳನ್ನೋ ಬಿಟ್ಟುಕೊಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಬೆಳ್ಳುಳ್ಳಿ ಊರಲು ಇದೇ ಸರಿಯಾದ ಹೊತ್ತು. ಚಳಿಯಲ್ಲಿ ಗಿಡ ಬಲಿತರೆ ಮಾತ್ರ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ದಪ್ಪ ಎಸಳುಗಳನ್ನು ಆರಿಸಿ, ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲಾಗಿ ಒಂದಿಂಚು ಆಳಕ್ಕೆ, 10 ಸೆಂ.ಮೀ. ಅಂತರದಲ್ಲಿ ಮಗುವೇ ಊರಲಿ. ಎರೆಮಣ್ಣಿನವರು ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿಕೊಡಿ. ನೀರು ನಿಂತರೆ ಎಸಳು ಕೊಳೆಯುತ್ತದೆ. ಸುಮಾರು ನಾಲ್ಕು ತಿಂಗಳಿಗೆ ಎಲೆ ಹಳದಿಯಾಗಿ ಬಾಗುತ್ತದೆ. ಆಗ ನೀರು ನಿಲ್ಲಿಸಿ, ಕಿತ್ತು, ನೆರಳಲ್ಲಿ ಒಣಗಿಸಿ.

ಟೊಮೆಟೊ ಇಷ್ಟು ಸುಲಭವಲ್ಲ, ಅದಕ್ಕೇ ಅದನ್ನು ಆರಿಸಿದ್ದೇವೆ. ರಜೆಗೆ ಮುಂಚೆ ಶಾಲೆಯಲ್ಲಿ ಬಿತ್ತಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ. ಎಲೆ ಮುದುಡು, ದುಂಡಾಣು ಸೊರಗು, ಆರಂಭಿಕ ಅಂಗಮಾರಿ ಈ ಮೂರು ರೋಗಗಳನ್ನೂ ತಡೆದುಕೊಳ್ಳಲೆಂದೇ ಬೆಳೆಸಿದ ಹೈಬ್ರಿಡ್ ಅದು. ಸಸಿಯ ಕಾಂಡವನ್ನು ಸ್ವಲ್ಪ ಆಳವಾಗಿಯೇ ಹೂಳಿ; ಮಣ್ಣಿಗೆ ತಾಗಿದ ಕಾಂಡವೂ ಬೇರು ಬಿಡುತ್ತದೆ. ಆಸರೆಗೆ ಕೋಲು ಬೇಕು. ಬಿಳಿನೊಣ ಕಂಡರೆ ಬೇವಿನ ಎಣ್ಣೆಗೆ ತುಸು ಸೋಪು ಸೇರಿಸಿ, ನೀರಲ್ಲಿ ಕಲಸಿ ಸಿಂಪಡಿಸಿದರೆ ಸಾಕು. ಹೊಲಕ್ಕೆ ತಂದ ಕೀಟನಾಶಕ ಮಕ್ಕಳ ಕೈಗೆ ಖಂಡಿತ ಸಿಗಬಾರದು.

ಕಾಯಿಯ ತಳ ಕಪ್ಪಾದರೆ ಹುಳದ ಕಾಟವೆಂದು ಔಷಧಿ ಹೊಡೆಯಬೇಡಿ. ಒಂದು ದಿನ ಕೊಡಗಟ್ಟಲೆ ನೀರು ಸುರಿದು ನಾಲ್ಕು ದಿನ ಮರೆತರೆ ಸುಣ್ಣದಂಶ ಕಾಯಿಗೆ ಸರಿಯಾಗಿ ತಲುಪುವುದಿಲ್ಲ. ಬಹುತೇಕ ಅದರಿಂದಲೇ ಹೀಗಾಗುತ್ತದೆ. ಅಂಥ ಕಾಯಿಯನ್ನು ಶಾಲೆಗೆ ಕಳಿಸಿ, ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಿಮ್ಮಲ್ಲಿ ನನ್ನ ಮುಖ್ಯ ವಿನಂತಿ ಒಂದೇ. ಗಿಡ ಬಾಡುತ್ತಿದೆ ಎಂದು ಮರುಕಪಟ್ಟು ನೀವು ನೀರು ಹಾಕಬೇಡಿ. ಯಾಕೆ ಬಾಡಿತೆಂದು ಮಗು ಮಣ್ಣು ಮುಟ್ಟಿ ನೋಡಲಿ, ಪುಸ್ತಕದಲ್ಲಿ ಬರೆಯಲಿ. ಗಿಡ ಸತ್ತರೂ ಬೈಯಬೇಡಿ. ಇದಕ್ಕೆ ಅಂಕಗಳಿಲ್ಲ, ಮತ್ತೊಂದು ಸಸಿ ಕೊಡುತ್ತೇವೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಸಿಗಳನ್ನು ಹಂಚುತ್ತೇವೆ. ಹಿತ್ತಲಿಲ್ಲದವರು ತೊಳೆದ ಹಳೇ ಬಕೆಟ್ಟನ್ನೋ ಗೋಣಿಚೀಲವನ್ನೋ ಮಗುವಿನ ಕೈಲಿ ಕಳಿಸಿ. ಮಣ್ಣು, ಗೊಬ್ಬರ ಶಾಲೆಯಲ್ಲೇ ತುಂಬಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ