ಭಾನುವಾರದ ರೇಡಿಯೊ ಕೂಟ: ಸೆಲ್‌ಗಳ ಕುರಿತು ಸೂಚನೆ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ಶರಣು ಶರಣಾರ್ಥಿ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಕಲಬುರಗಿಯ ಸಾರ್ವಜನಿಕ ಉದ್ಯಾನದಲ್ಲಿ ನಾವು ಹಳೆಯ ರೇಡಿಯೊಗಳೊಂದಿಗೆ ಸೇರಲಿದ್ದು, ಟ್ರಾನ್ಸಿಸ್ಟರ್ ತರುವವರೆಲ್ಲರೂ ಇಂದೇ ಅದರ ಹಿಂಬದಿಯ ಮುಚ್ಚಳ ತೆಗೆದು ನೋಡಬೇಕೆಂದು ಕೋರುತ್ತೇನೆ. ವರ್ಷಗಟ್ಟಲೆ ಒಳಗೇ ಉಳಿದ 1.5 ವೋಲ್ಟಿನ ಸತು-ಇಂಗಾಲದ ಸೆಲ್‌ಗಳಲ್ಲಿ ಹೊರಗಿನ ಸತುವಿನ ಡಬ್ಬಿಯೇ ಸವೆದು ತೂತಾಗುವುದರಿಂದ, ಒಳಗಿನ ಆಮ್ಲೀಯ ದ್ರವ ಸೋರಿ ಸ್ಪ್ರಿಂಗು, ತಗಡುಗಳನ್ನು ತಿಂದುಹಾಕುತ್ತದೆ; ಎಷ್ಟೋ ಒಳ್ಳೆಯ ಸೆಟ್‌ಗಳು ಕೆಟ್ಟಿರುವುದು ಇದರಿಂದಲೇ. ಅಂಥ ಸೆಲ್‌ಗಳನ್ನು ಕೈಗವಸು ಧರಿಸಿ ತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿರಿ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಹಾಕಬೇಡಿ.

ವಾಲ್ವಿನ, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ, ಪೋರ್ಟಬಲ್ ಸೆಟ್ ಇರುವವರು ಅದನ್ನು ಚಾಲೂ ಮಾಡದೆ ಹಾಗೆಯೇ ತರಬೇಕು, ಏಕೆಂದರೆ ಅವುಗಳಲ್ಲಿ ಹಲವಕ್ಕೆ 67.5 ಅಥವಾ 90 ವೋಲ್ಟಿನ ಪ್ರತ್ಯೇಕ ಬ್ಯಾಟರಿ ಬೇಕಾಗುತ್ತದೆ.

1966ರಲ್ಲಿ ನಮ್ಮೂರಿನ ಆಕಾಶವಾಣಿ ಕೇಂದ್ರ ಆರಂಭವಾದ ಕಾಲದ ಕೇಳುಗರು, ದನಿ ಇಳಿದಾಗ ಸೆಲ್‌ಗಳನ್ನು ಬಿಸಿಲಿಗಿಟ್ಟು ವಾರ್ತೆ ಕೇಳಿದವರು, ರೇಡಿಯೊ ಇಲ್ಲದಿದ್ದರೂ ಅವಶ್ಯವಾಗಿ ಬರಬೇಕು. ಆ ನೆನಪುಗಳನ್ನು ಧ್ವನಿಮುದ್ರಿಸಿ ಉಳಿಸಿಕೊಳ್ಳುವ ಆಸೆ ನಮಗಿದೆ.

ಬರುವವರು ಶುಕ್ರವಾರ ಸಂಜೆಯೊಳಗೆ ತಮ್ಮ ಹೆಸರು ಮತ್ತು ಸೆಟ್‌ಗೆ ಬೇಕಾದ ಸೆಲ್‌ಗಳ ಸಂಖ್ಯೆಯನ್ನು ಇಲ್ಲಿಯೇ ತಿಳಿಸಿರಿ.