ಹನ್ನೊಂದು ಮಕ್ಕಳ ಉಸಿರು ಕಾಯ್ದವರಿಗೆ

ಮೊನ್ನೆ ಪ್ರೆಸ್ಸಿನಿಂದ ಪುಸ್ತಕದ ಕಟ್ಟು ಬಂತು. ಆರು ವರ್ಷ, ನಾಲ್ಕು ಕರಡು, ನಡುವೆ ಒಂದು ಸಲ ಪೂರ್ತಿ ಕೈಬಿಟ್ಟು ಮತ್ತೆ ಹಿಡಿದದ್ದು. ದಾರ ಬಿಚ್ಚಿ ಮೇಲಿನ ಪ್ರತಿ ಕೈಗೆತ್ತಿಕೊಂಡಾಗ ಕಣ್ಣ ಮುಂದೆ ಒಂದೊಂದಾಗಿ ಮುಖಗಳು ಬಂದವು. ಪುಸ್ತಕದ ಕೊನೆಯಲ್ಲಿ ನಾಲ್ಕು ಸಾಲಿನ ಕೃತಜ್ಞತೆ ಇದೆ. ಅದು ಸಾಲದು. ಇವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಓದಿದರೆ ಅವರಿಗೆ ತಾವು ಯಾರೆಂದು ಗೊತ್ತಾಗುತ್ತದೆ.

ಕಾದಂಬರಿ ಇನ್ನೂ ಓದದವರಿಗೆ ಎರಡು ಮಾತು. ಭೂಮಿಯನ್ನು ಸುತ್ತುವ ಒಂದು ತರಬೇತಿ ನಿಲ್ದಾಣ, ಅಲ್ಲಿ 13ರಿಂದ 17 ವರ್ಷದ 11 ಮಕ್ಕಳು. ಕೆಳಗೆ ಶುರುವಾದ ಯುದ್ಧ ಮೇಲಕ್ಕೂ ಹಬ್ಬುತ್ತದೆ. ದೊಡ್ಡವರನ್ನೆಲ್ಲ ಕರೆಸಿಕೊಳ್ಳುತ್ತಾರೆ, ಮಕ್ಕಳಿಗೆಂದು ಹೊರಟ ಹಡಗು ಬರುವುದೇ ಇಲ್ಲ. ಅಲ್ಲಿಂದ 41 ದಿನ. ಕಥೆ ಹೇಳುವವಳು ಇಳಾ, ಹದಿನಾರರ ಹುಡುಗಿ.

ಮೊದಲ ಕರಡಿನಲ್ಲಿ ಇಳಾ ಶತ್ರುವಿನ ಮೂರು ಹಡಗುಗಳನ್ನು ಹೊಡೆದುರುಳಿಸುತ್ತಿದ್ದಳು. ಈಗ ಅಚ್ಚಾಗಿರುವ ಪುಸ್ತಕದಲ್ಲಿ ಅವಳು ಒಂದು ಗುಂಡೂ ಹಾರಿಸುವುದಿಲ್ಲ. 41 ದಿನವೂ ಅವಳ ಕೆಲಸ ಒಂದೇ, ಹನ್ನೊಂದು ಜನರ ಉಸಿರು ಕಾಯುವುದು. ಆ ಕಡೆಯಿಂದ ಈ ಕಡೆಗೆ ನನ್ನನ್ನು ಕರೆತಂದವರಿಗೆ ಈ ಬರಹ.

ಮೊದಲನೆಯವರು ನನ್ನ ಭೌತಶಾಸ್ತ್ರದ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು, ಕಣ್ಣಿನ ಆಪರೇಷನ್ ಬೇರೆ ಆಗಿತ್ತು. ಆದರೂ 300 ಪುಟದ ಹಸ್ತಪ್ರತಿ ತೆಗೆದುಕೊಂಡು, ದಿನಕ್ಕೆ ಹತ್ತು ಪುಟದಂತೆ ಓದಿ, ಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಕೊಟ್ಟರು. ಸ್ಫೋಟದ ಸದ್ದಿಗೆ ಇಳಾ ಬೆಚ್ಚಿಬೀಳುವ ಕಡೆ ‘ಸದ್ದು ಯಾವುದರ ಮೂಲಕ ಬಂತು?’ ಅಂತ ಒಂದೇ ಸಾಲು. ನಿರ್ವಾತದಲ್ಲಿ ಸದ್ದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಆದರೆ ಬರೆಯುವಾಗ ಮರೆತಿದ್ದೆ. ಈಗ ಆ ಅಧ್ಯಾಯದಲ್ಲಿ ಇಳಾಳ ಅಂಗೈ ಗೋಡೆಯ ಮೇಲಿದೆ. ಹೊರಗಿನಿಂದ ಏನೂ ಕೇಳುವುದಿಲ್ಲ, ಲೋಹ ಮಾತ್ರ ಕೈಯಡಿಯಲ್ಲಿ ನಡುಗುತ್ತದೆ. ಮೊದಲಿನ ಧಡಾರ್‌ಗಿಂತ ಇದು ಹತ್ತುಪಟ್ಟು ಭಯ ಹುಟ್ಟಿಸುತ್ತದೆ ಅಂತ ಓದಿದವರೆಲ್ಲ ಹೇಳಿದರು.

ಅದಕ್ಕಿಂತ ದೊಡ್ಡದನ್ನು ಅವರು ಕೊಟ್ಟದ್ದು ಏಳನೇ ಅಧ್ಯಾಯದಲ್ಲಿ. ವಿದ್ಯುತ್ ಹೋದ ಗಳಿಗೆಯಲ್ಲೇ ನಿಲ್ದಾಣ ಹೆಪ್ಪುಗಟ್ಟುತ್ತದೆ ಅಂತ ನಾನು ಬರೆದಿದ್ದೆ. ಮೇಷ್ಟ್ರು ಬರೆದರು: ‘ಥರ್ಮಾಸ್ ಫ್ಲಾಸ್ಕಿನಲ್ಲಿ ಬಿಸಿನೀರು ಯಾಕೆ ಬೇಗ ಆರುವುದಿಲ್ಲ? ಹೊರಗೆ ನಿರ್ವಾತ ಇದ್ದರೆ ಶಾಖ ವಿಕಿರಣವಾಗಿ ಮಾತ್ರ ಹೋಗಬೇಕು. ಚಳಿ ನಿಧಾನಕ್ಕೆ ಬರುತ್ತದೆ. 1985 ನೋಡು.’

ನೋಡಿದೆ. ಆ ವರ್ಷ ಫೆಬ್ರವರಿಯಲ್ಲಿ ಸೋವಿಯತ್ ಒಕ್ಕೂಟದ ಸಲ್ಯೂತ್ 7 ನಿಲ್ದಾಣ ಸಂಪರ್ಕ ಕಳೆದುಕೊಂಡಿತ್ತು. ಆಗ ಒಳಗೆ ಯಾರೂ ಇರಲಿಲ್ಲ. ಜೂನ್‌ನಲ್ಲಿ ವ್ಲಾದಿಮಿರ್ ಜಾನಿಬೆಕೋವ್, ವಿಕ್ಟರ್ ಸವಿನಿಖ್ ಇಬ್ಬರೂ ಸೋಯುಜ್ ಟಿ-13ರಲ್ಲಿ ಹೋಗಿ, ಆ ಸತ್ತ ನಿಲ್ದಾಣಕ್ಕೆ ಕೈಯಾರೆ ಹಡಗು ಜೋಡಿಸಿ ಒಳಗೆ ಹೊಕ್ಕರು. ಕತ್ತಲು, ಗೋಡೆಗಳ ಮೇಲೆ ಹಿಮ, ನೀರಿನ ತೊಟ್ಟಿಯೂ ಗಡ್ಡೆ. ತಲೆಗೆ ಬೆಚ್ಚನೆಯ ಟೋಪಿ ಹಾಕಿಕೊಂಡು, ಸೌರಫಲಕಗಳ ತಂತಿಯನ್ನು ಬ್ಯಾಟರಿಗಳಿಗೆ ನೇರವಾಗಿ ಕಟ್ಟಿ, ನಿಲ್ದಾಣಕ್ಕೆ ಮತ್ತೆ ಜೀವ ಬರಿಸಿದರು. ನನ್ನ ಮಕ್ಕಳು 19ನೇ ದಿನ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಆ ಪುಟದ ಕೆಳಗೆ ಮೇಷ್ಟ್ರ ಇನ್ನೊಂದು ಸಾಲಿತ್ತು. ‘ಫ್ಯಾನ್ ನಿಂತಿದೆ. ಮಲಗಿದವರ ಗತಿ ಏನು?’

ಅರ್ಥವಾಗದೆ ಫೋನ್ ಮಾಡಿದೆ. ಅವರು ಸಾವಧಾನವಾಗಿ ಹೇಳಿದರು. ಭೂಮಿಯ ಮೇಲೆ ನಾವು ಬಿಟ್ಟ ಉಸಿರು ಬೆಚ್ಚಗಿರುವುದರಿಂದ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ತೂಕವೇ ಇಲ್ಲದ ಕಡೆ ಮೇಲೂ ಇಲ್ಲ, ಕೆಳಗೂ ಇಲ್ಲ. ಬಿಟ್ಟ ಉಸಿರು ಮುಖದ ಸುತ್ತಲೇ ಗುಳ್ಳೆಯಂತೆ ಕೂತುಬಿಡಬಹುದು. ಕೋಣೆ ತುಂಬ ಆಮ್ಲಜನಕ ಇದ್ದರೂ ಮಲಗಿದವರು ತಮ್ಮದೇ ಇಂಗಾಲದ ಡೈಆಕ್ಸೈಡನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತಾರೆ. ತಲೆ ಸಿಡಿಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿ ಫ್ಯಾನುಗಳು ಹಗಲಿರುಳು ತಿರುಗುತ್ತಲೇ ಇರಬೇಕು.

ಫೋನ್ ಇಟ್ಟವನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕಾದಂಬರಿ ನನಗೆ ಸಿಕ್ಕಿದ್ದು ಆಗ. ಫ್ಯಾನ್ ನಿಂತ ನಿಲ್ದಾಣದಲ್ಲಿ ಯಾರಾದರೂ ಮಲಗಬೇಕಾದರೆ ಇನ್ನೊಬ್ಬರು ಎಚ್ಚರವಿದ್ದು ಅವರ ಮುಖಕ್ಕೆ ಗಾಳಿ ಹಾಕಬೇಕು. ಕೈಪಿಡಿಯ ರಟ್ಟು ಕಿತ್ತು ಬೀಸಣಿಗೆ ಮಾಡಿಕೊಂಡು, ಕಾಲನ್ನು ಪಟ್ಟಿಗೆ ಸಿಕ್ಕಿಸಿಕೊಂಡು, ಎರಡೆರಡು ಗಂಟೆಯ ಸರದಿ. ಜಗಳವಾಡಿದವನಿಗೂ ಗಾಳಿ ಹಾಕಬೇಕು, ಊಟ ಕದ್ದವಳಿಗೂ ಹಾಕಬೇಕು. ಇಳಾ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ಸರದಿ ಪಟ್ಟಿ ಬರೆಯುತ್ತಾಳೆ, ಹನ್ನೊಂದು ಹೆಸರು. ಯುದ್ಧ ಹೊರಗೆ ಎಲ್ಲೋ ನಡೆಯುತ್ತಿರುತ್ತದೆ. ಒಳಗೆ ಈ ಪಟ್ಟಿ. ಮೇಷ್ಟ್ರೇ, ನಿಮ್ಮ ಆ ಒಂದು ಸಾಲು ಪೆನ್ಸಿಲ್ ಬರಹಕ್ಕೆ ನಾನು ಜನ್ಮವಿಡೀ ಋಣಿ.

ಮೂರನೇ ವರ್ಷ ಅಮ್ಮನಿಗೆ ಶ್ವಾಸಕೋಶದ ಸೋಂಕಾಯಿತು. 26 ದಿನ ಆಸ್ಪತ್ರೆ, ಅದರಲ್ಲಿ 9 ದಿನ ವೆಂಟಿಲೇಟರ್. ಹಗಲೆಲ್ಲ ಗಾಳಿಯ ಲೆಕ್ಕ ಬರೆಯುತ್ತಿದ್ದವನಿಗೆ, ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು ಅಂತ ಬಾಯಿಪಾಠ ಇದ್ದವನಿಗೆ, ಅಮ್ಮನ ಎದೆ ಏರಿಳಿಯುವುದನ್ನು ನೋಡುತ್ತ ಕೂತಾಗ ಆ ಲೆಕ್ಕ ಯಾವುದೂ ನೆರವಿಗೆ ಬರಲಿಲ್ಲ. ಮನೆಗೆ ಬಂದು ಹಸ್ತಪ್ರತಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಇನ್ನು ಬರೆಯಲಾರೆ ಅಂತಲೇ ತೀರ್ಮಾನಿಸಿದ್ದೆ.

ಆ ವಾರ್ಡಿನಲ್ಲಿ ರಾತ್ರಿ ಪಾಳಿಯ ಒಬ್ಬರು ಸಿಸ್ಟರ್ ಇದ್ದರು. ಯಂತ್ರ ಕೂಗಿದಾಗಲೆಲ್ಲ ನಾನು ಗಾಬರಿಯಿಂದ ಪರದೆಯ ಅಂಕಿಗಳನ್ನು ನೋಡುತ್ತಿದ್ದೆ. ಎರಡನೇ ರಾತ್ರಿ ಅವರು ನನ್ನ ಹೆಗಲು ಹಿಡಿದು ತಿರುಗಿಸಿ, “ಮಿಷನ್ ಕೂಗಿದ್ರೆ ಮೊದ್ಲು ಮಿಷನ್ ನೋಡ್ಬೇಡಿ, ಅಮ್ಮನ ಮುಖ ನೋಡಿ. ತುಟಿ ಬಣ್ಣ ನೋಡಿ, ಎದೆ ನೋಡಿ. ಆಮೇಲೆ ಮಿಷನ್,” ಅಂದರು. ಅವತ್ತಿನಿಂದ ಹಾಗೇ ಮಾಡಿದೆ. ಅಮ್ಮ ಗುಣವಾಗಿ ಮನೆಗೆ ಬಂದರು. ಸಿಸ್ಟರ್, ನಿಮ್ಮ ಆ ಮಾತು ಪುಸ್ತಕದ 142ನೇ ಪುಟದಲ್ಲಿದೆ, ಇಳಾ ತನಗಿಂತ ಚಿಕ್ಕವನಿಗೆ ಹೇಳುತ್ತಾಳೆ. ನಿಮ್ಮನ್ನು ಕೇಳದೆ ಬಳಸಿಕೊಂಡಿದ್ದೇನೆ, ಕ್ಷಮಿಸಿ. ನಿಮಗೆ ಒಂದು ಪ್ರತಿ ತೆಗೆದಿಟ್ಟಿದ್ದೇನೆ, ನಾನೇ ಬಂದು ಕೊಡುತ್ತೇನೆ.

ಅಟ್ಟದಿಂದ ಆ ಕಟ್ಟನ್ನು ಇಳಿಸಿದವಳು ಅಕ್ಕ. ಅಮ್ಮ ಚೇತರಿಸಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ರಾತ್ರಿ ಪಾಳಿ ಪೂರ್ತಿ ತಾನೇ ವಹಿಸಿಕೊಂಡಳು. “ನೀನು ಹೋಗಿ ಬರಿ, ಅಮ್ಮನ್ನ ನಾನು ನೋಡ್ಕೋತೀನಿ,” ಅಂತ ದಿನಾ ಹತ್ತು ಗಂಟೆಗೆ ನನ್ನನ್ನು ಕೋಣೆಯಿಂದ ಎಬ್ಬಿಸಿ ಕಳಿಸುತ್ತಿದ್ದಳು. ಅವಳೂ ಬೆಳಗಾದರೆ ಕೆಲಸಕ್ಕೆ ಹೋಗಬೇಕಿತ್ತು. ಪುಸ್ತಕ ಅವಳಿಗೇ ಅರ್ಪಣೆ. ಅಕ್ಕನ ವಿಷಯ ಇದಕ್ಕಿಂತ ಹೆಚ್ಚು ಬರೆದರೆ ನನ್ನ ಕೈ ನಡೆಯುವುದಿಲ್ಲ.

ವಕೀಲ ಗೆಳೆಯನೊಬ್ಬ ಎರಡನೇ ಕರಡು ಓದಿ ಒಂದೇ ಪ್ರಶ್ನೆ ಕೇಳಿದ. “ಹದಿನಾರರ ಹುಡುಗಿ ಕೈಗೆ ಆಯುಧ ಕೊಟ್ಟವರು ಯಾರು? ಅವರ ಬಗ್ಗೆ ನಿನ್ನ ಪುಸ್ತಕ ಯಾಕೆ ಮಾತಾಡಲ್ಲ?” ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ಅದರಲ್ಲಿ ಯುದ್ಧದಲ್ಲಿ ನೇರವಾಗಿ ಭಾಗವಹಿಸುವ ವಯಸ್ಸಿನ ಮಿತಿ 15 ಇತ್ತು. 2000ದಲ್ಲಿ ಒಂದು ಪೂರಕ ಒಪ್ಪಂದ ತಂದು ಅದನ್ನು 18ಕ್ಕೆ ಏರಿಸಿದರು. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ನಿಷೇಧಿಸುತ್ತದೆ, ಆದರೆ ಎಲ್ಲ ಬಗೆಯ ಆಯುಧಗಳನ್ನೂ ಅಲ್ಲ. ಇದನ್ನೆಲ್ಲ ಓದುತ್ತ ಓದುತ್ತ ನನ್ನ ನಾಯಕಿಯ ಬಗ್ಗೆ ನನಗಿದ್ದ ಹೆಮ್ಮೆ ಕರಗುತ್ತ ಬಂತು. ಅವಳನ್ನು ವೀರಳನ್ನಾಗಿ ಮಾಡುವ ಉತ್ಸಾಹದಲ್ಲಿ ನಾನೇ ಅವಳ ಕೈಗೆ ಬಂದೂಕು ಕೊಟ್ಟಿದ್ದೆ. ಆ ಮೂರು ಹಡಗುಗಳ ಅಧ್ಯಾಯ ಕಿತ್ತುಹಾಕಿದೆ. ಅದರ ಜಾಗದಲ್ಲಿ ಈಗ ರೇಡಿಯೋದಲ್ಲಿ ಬರುವ ಒಂದು ಆಜ್ಞೆ ಇದೆ, ಹನ್ನೊಂದು ಮಕ್ಕಳು ಕೂತು ಅದಕ್ಕೆ ಏನು ಉತ್ತರ ಕೊಡಬೇಕೆಂದು ರಾತ್ರಿಯಿಡೀ ಮಾತಾಡುವುದಿದೆ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಾಯ ಅದು.

ಅವನೇ ತೋರಿಸಿಕೊಟ್ಟ ಇನ್ನೊಂದು ಸಂಗತಿ, 2021ರ ನವೆಂಬರ್ 15. ರಷ್ಯಾ ತನ್ನದೇ ಹಳೆಯ ಉಪಗ್ರಹ ಕಾಸ್ಮಾಸ್ 1408 ಅನ್ನು ಕ್ಷಿಪಣಿಯಿಂದ ಹೊಡೆಯಿತು. ರಾಡಾರಿಗೆ ಕಾಣುವಷ್ಟು ದೊಡ್ಡ ಚೂರುಗಳೇ 1,500ಕ್ಕೂ ಹೆಚ್ಚು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದ ಏಳೂ ಜನ ತಮ್ಮ ತಮ್ಮ ಹಡಗುಗಳೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಆ ಏಳು ಜನರಲ್ಲಿ ರಷ್ಯದವರೂ ಇದ್ದರು. ಸುಮಾರು ಒಂದೂವರೆ ಗಂಟೆಗೊಮ್ಮೆ ನಿಲ್ದಾಣ ಆ ಚೂರುಗಳ ಹಾದಿಯ ಹತ್ತಿರ ಬರುತ್ತಿತ್ತು. ನನ್ನ ಕಾದಂಬರಿಯ ಮಕ್ಕಳು ಗಡಿಯಾರ ನೋಡಿಕೊಂಡು, ಒಂದೂವರೆ ಗಂಟೆಗೊಮ್ಮೆ ಒಬ್ಬರನ್ನೊಬ್ಬರು ಎಬ್ಬಿಸಿ ಒಳಕೋಣೆಗೆ ಓಡುವುದು ಅಲ್ಲಿಂದ ಬಂತು. ಶತ್ರುವನ್ನು ಅವರು ಒಮ್ಮೆಯೂ ನೋಡುವುದಿಲ್ಲ.

ಇನ್ನು ನನ್ನ ಐದು ಜನ ಮೊದಲ ಓದುಗರು. ಆಗ ಅವರಿಗೆ 13ರಿಂದ 16 ವಯಸ್ಸು. ಸ್ಕೂಲು, ಟ್ಯೂಷನ್, ಪರೀಕ್ಷೆಗಳ ನಡುವೆ ಮೂರನೇ ಕರಡು ಓದಿಕೊಟ್ಟರು. ದೊಡ್ಡವರು ನನ್ನ ಮನಸ್ಸು ನೋಯದಂತೆ ಮಾತಾಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ, ಅದಕ್ಕೆ ಇವರಿಗೆ ಎಷ್ಟು ವಂದನೆ ಹೇಳಿದರೂ ಕಡಿಮೆ. ಯುದ್ಧ ಯಾಕೆ ಶುರುವಾಯಿತೆಂದು ನಾನು ಹದಿನೈದು ಪುಟ ಬರೆದಿದ್ದೆ. ಒಬ್ಬ ಹುಡುಗಿ ಅಷ್ಟಕ್ಕೂ ಅಡ್ಡಗೆರೆ ಹಾಕಿ, “ಇದೆಲ್ಲ ಇಳಾಗೆ ಗೊತ್ತಿರಲ್ಲ ಅಂಕಲ್. ಅವಳಿಗೆ ಗೊತ್ತಿಲ್ದಿರೋದು ನಮಗ್ಯಾಕೆ?” ಅಂದಳು. ಹದಿನೈದು ಪುಟ ಹೋಯಿತು. ಇನ್ನೊಬ್ಬಳು ಇಳಾ ನಗುವ ಜಾಗಗಳನ್ನೆಲ್ಲ ಎಣಿಸಿ, ಒಟ್ಟು ಎರಡೇ ಸಲ, ಇಷ್ಟು ಕಡಿಮೆ ಯಾರೂ ನಗಲ್ಲ, ಭಯ ಆದಾಗ ಇನ್ನೂ ಜಾಸ್ತಿ ನಗ್ತೀವಿ ಅಂತ ಹೇಳಿದಳು. ಅದೂ ನಿಜ, ತಿದ್ದಿದೆ.

ಆ ಐವರಲ್ಲಿ ಒಬ್ಬ ಹುಡುಗ ಮಾತು ಕಡಿಮೆ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಹಸ್ತಪ್ರತಿಯ ಒಂದು ಪುಟ ತೆಗೆದು ನನ್ನ ಮುಂದಿಟ್ಟ. ಒಂಬತ್ತನೇ ಅಧ್ಯಾಯದಲ್ಲಿ ಹನ್ನೊಂದು ಮಕ್ಕಳಲ್ಲಿ ಒಬ್ಬ ಸಾಯುತ್ತಾನೆ. 1997ರ ಜೂನ್ 25ರಂದು ಮೀರ್ ನಿಲ್ದಾಣಕ್ಕೆ ಸರಕು ಹಡಗು ಗುದ್ದಿ ತೂತಾದಾಗ, ಒಳಗಿದ್ದವರು ಬಾಗಿಲಿನ ಮೂಲಕ ಹಾದಿದ್ದ ಕೇಬಲ್‌ಗಳನ್ನು ಬಿಡಿಸಿ, ಕತ್ತರಿಸಿ, ಬಾಗಿಲು ಮುಚ್ಚಿ ಬದುಕಿಕೊಂಡಿದ್ದರು. ನನ್ನ ಕಥೆಯಲ್ಲಿ ಕೇಬಲ್ ಕತ್ತರಿಸುವವನು ಆಚೆ ಬದಿಯಲ್ಲಿ ಉಳಿದುಬಿಡುತ್ತಾನೆ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ಚೆನ್ನಾಗಿ ಬಂದಿದೆ ಅಂತ ನಂಬಿದ್ದೆ. ಹುಡುಗ ಕೇಳಿದ, “ಹತ್ತನೇ ಅಧ್ಯಾಯದಲ್ಲಿ ಅವನ ಸ್ಲೀಪಿಂಗ್ ಬ್ಯಾಗ್ ಎಲ್ಲಿ?”

ನನಗೆ ಮಾತು ಹೊರಡಲಿಲ್ಲ. ಹತ್ತನೇ ಅಧ್ಯಾಯದಲ್ಲಿ ಬೆಳಗಾಗುತ್ತದೆ, ಮಕ್ಕಳು ಮುಂದಿನ ಯೋಜನೆ ಹಾಕುತ್ತಾರೆ. ಸತ್ತವನ ಹೆಸರನ್ನು ಯಾರೂ ಎತ್ತುವುದಿಲ್ಲ. ಹುಡುಗ ಮುಂದುವರಿಸಿದ. “ಗೋಡೆಗೆ ಕಟ್ಟಿರ್ತಾರಲ್ವಾ? ಅದು ಅಲ್ಲೇ ಇರುತ್ತೆ. ಅದ್ರಲ್ಲಿ ಯಾರು ಮಲಗ್ತಾರೆ? ಮತ್ತೆ ಅವನ ಗಾಳಿ ಹಾಕೋ ಸರದಿ?”

ಹಿಂದಿನ ವರ್ಷ ಅವನ ಮನೆಯಲ್ಲಿ ಒಂದು ಸಾವಾಗಿತ್ತು ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಅವನ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹತ್ತನೇ ಅಧ್ಯಾಯವನ್ನು ಮೊದಲಿಂದ ಬರೆಯಲು ಎಂಟು ತಿಂಗಳು ಹಿಡಿಯಿತು. ಈಗ ಅದರಲ್ಲಿ ಯೋಜನೆ ಇಲ್ಲ, ಯುದ್ಧವೂ ಇಲ್ಲ. ಗೋಡೆಗೆ ಕಟ್ಟಿದ ಖಾಲಿ ಚೀಲ ಯಾರಾದರೂ ಪಕ್ಕದಲ್ಲಿ ಹಾದಾಗ ಸ್ವಲ್ಪ ಅಲ್ಲಾಡುತ್ತದೆ. ಚಳಿ ಹೆಚ್ಚುತ್ತಿದೆ, ಅದು ಬೆಚ್ಚಗಿನ ಚೀಲ, ಆದರೂ ಯಾರೂ ಮುಟ್ಟುವುದಿಲ್ಲ. ಸರದಿ ಪಟ್ಟಿಯಲ್ಲಿ ಅವನ ಹೆಸರು ಅಳಿಸಲು ಯಾರೂ ಮುಂದೆ ಬರುವುದಿಲ್ಲ. ರಾತ್ರಿ ಎರಡರಿಂದ ನಾಲ್ಕು ಅವನ ಸರದಿ. ಮೊದಲ ರಾತ್ರಿ ಎರಡು ಗಂಟೆಗೆ, ಯಾರೂ ಯಾರಿಗೂ ಹೇಳದೆ, ಹತ್ತು ಜನವೂ ಎಚ್ಚರವಾಗಿರುತ್ತಾರೆ.

ಪ್ರಕಾಶಕರು ಈ ಪುಸ್ತಕಕ್ಕಾಗಿ ಎರಡು ವರ್ಷ ಕಾದರು, ಒಂದು ದಿನವೂ ಆತುರಪಡಿಸಲಿಲ್ಲ. ಕರಡಚ್ಚು ತಿದ್ದಿದವರು ಇಳಾಳ ವಯಸ್ಸು ಒಂದು ಕಡೆ ಹದಿನೇಳಾಗಿದ್ದನ್ನು ಹಿಡಿದರು. ಮುಖಪುಟದ ಕಲಾವಿದೆ ಮೊದಲು ಬರೆದ ಚಿತ್ರದಲ್ಲಿ ಉರಿಯುವ ಹಡಗುಗಳಿದ್ದವು. ಪುಸ್ತಕ ಪೂರ್ತಿ ಓದಿದ ಮೇಲೆ ತಾವೇ ಅದನ್ನು ಬಿಟ್ಟು, ರಟ್ಟಿನ ಬೀಸಣಿಗೆ ಹಿಡಿದ ಒಂದು ಕೈ ಬರೆದುಕೊಟ್ಟರು. ಎಲ್ಲರಿಗೂ ನಮಸ್ಕಾರ.

ಕಟ್ಟು ಬಂದ ಸಂಜೆಯೇ ಆ ಹುಡುಗನಿಗೆ ಪ್ರತಿ ಕೊಟ್ಟುಬಂದೆ. ಈಗ ಅವನಿಗೆ ಹದಿನೇಳು, ನನಗಿಂತ ಎತ್ತರ ಆಗಿದ್ದಾನೆ. ಬಾಗಿಲಲ್ಲೇ ನಿಂತು ಪುಟ ತಿರುವಿ ಹತ್ತನೇ ಅಧ್ಯಾಯ ಹುಡುಕಿದ. ನಾನು ಸುಮ್ಮನೆ ಕಾದೆ. ಓದಿ ಮುಗಿಸಿ, ಆ ಪುಟದಲ್ಲಿ ಬೆರಳಿಟ್ಟುಕೊಂಡೇ ಪುಸ್ತಕ ಮುಚ್ಚಿ, “ಒಳಗೆ ಬನ್ನಿ ಅಂಕಲ್,” ಅಂದ.